ನೀವು ಕೇಳಿದಿರಿ: ಬೋಳು ಹೊಂಗೆ, ಸೊಗಡಿಲ್ಲದ ಅವರೆ

ಪ್ರಶ್ನೆ: ಮಾರ್ಕೆಟ್ಟಿಗೆ ಅವರೆಕಾಯಿ ಇನ್ನೂ ಬರುತ್ತಿದೆ. ಆದರೆ ಸಾರಿಗೆ ಮೊದಲಿನ ಘಮ ಇಲ್ಲ. ತರಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಕಾಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ. ಎಣ್ಣೆಯಂಥ ಅಂಟು ಹತ್ತಿ ವಾಸನೆ ಗಮ್ಮೆಂದರೆ ತನ್ನಿ. ಸೊಗಡು ಇರುವುದು ಆ ಸಿಪ್ಪೆಯ ಅಂಟಿನಲ್ಲಿ. ಶಿವರಾತ್ರಿ ಹತ್ತಿರವಾಯಿತೆಂದರೆ ನಮ್ಮ ಮನೆಗಂತೂ ಅವರೆ ಬರುವುದಿಲ್ಲ.

ಪ್ರಶ್ನೆ: ಮನೆ ಎದುರಿನ ಹೊಂಗೆ ಮರ ಸಂಕ್ರಾಂತಿ ಕಳೆದದ್ದೇ ಎಲೆ ಉದುರಿಸಲು ಶುರುಮಾಡಿ ಈಗ ಪೂರ್ತಿ ಬೋಳಾಗಿದೆ. ಗುಡಿಸಿ ಗುಡಿಸಿ ಸಾಕಾಯಿತು. ಪಕ್ಕದ ಮನೆಯವರು ‘ಮರ ಸತ್ತಿದೆ, ಕಡಿಸೋಣ’ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ದಯವಿಟ್ಟು ಕಡಿಸಬೇಡಿ, ಯುಗಾದಿಯವರೆಗೆ ತಾಳಿ. ಒಂದು ಎಳೆ ರೆಂಬೆಯ ತೊಗಟೆಯನ್ನು ಉಗುರಿನಿಂದ ಚೂರೇ ಕೆರೆದು ನೋಡಿ. ಒಳಗೆ ಹಸಿರು, ತೇವ ಕಂಡರೆ ಮರಕ್ಕೆ ಜೀವ ಇದೆ. ಹಿಂಗಾರು ಮುಗಿದ ಮೇಲೆ ಬೆಂಗಳೂರಿಗೆ ಮಳೆ ಇಲ್ಲವೆಂದೇ ಲೆಕ್ಕ. ಎಲೆ ಇದ್ದಷ್ಟೂ ನೀರು ಆವಿಯಾಗಿ ಹೋಗುತ್ತದೆ, ಅದಕ್ಕೇ ಹೊಂಗೆ ಎಲೆ ಕಳಚುತ್ತದೆ.

ಬಸವನಗುಡಿಯ ಈ ಮನೆಗೆ ಬಂದ ಮೊದಲ ವರ್ಷ ನನಗೂ ನಿಮ್ಮಷ್ಟೇ ಗಾಬರಿಯಾಗಿತ್ತು. ದಿನಾ ಎರಡು ಬಿಂದಿಗೆ ನೀರು ಹುಯ್ಯುತ್ತಿದ್ದೆ. ಒಂದು ಬೆಳಿಗ್ಗೆ ಹಾಲು ತಗೊಳ್ಳಲು ಬಾಗಿಲು ತೆಗೆದರೆ ಕೊಂಬೆಯ ತುದಿಯಲ್ಲಿ ತಾಮ್ರದ ಬಣ್ಣದ ಮೊಳಕೆಗಳು. ಅವು ಬಿಚ್ಚಿಕೊಂಡು ಎಳೆಹಸಿರಾದಾಗ ಪ್ರತಿ ಎಲೆಗೂ ಬೆಣ್ಣೆ ಸವರಿದಂಥ ಹೊಳಪು. ಹಿಂದಿನ ವರ್ಷದ ಒಣಕಾಯಿಗಳು ಇನ್ನೂ ಉದುರುತ್ತಲೇ ಇದ್ದವು, ಸ್ಕೂಟರ್ ಚಕ್ರಕ್ಕೆ ಸಿಕ್ಕಿ ಪಟಪಟ ಒಡೆಯುತ್ತಿದ್ದವು.

ಪಕ್ಕದವರಿಗೆ ಇದನ್ನೂ ಹೇಳಿ: ರಸ್ತೆ ಬದಿಯ ಮರವನ್ನು ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಕಡಿಸುವಂತಿಲ್ಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಒಣಗಿದೆ ಅನ್ನಿಸಿದರೂ ಅರ್ಜಿ ಕೊಡಬೇಕು, ಅವರು ಬಂದು ನೋಡಬೇಕು.

ಇನ್ನು ತರಗೆಲೆ. ಬೆಳಿಗ್ಗೆ ಗುಡ್ಡೆ ಹಾಕಿ ಬೆಂಕಿ ಹಚ್ಚುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಚಳಿಯ ಬೆಳಗಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲೇಳುವುದಿಲ್ಲ, ಹೊಗೆ ಕಿಟಕಿಯ ಮಟ್ಟದಲ್ಲೇ ನಿಲ್ಲುತ್ತದೆ. ಎದುರು ಮನೆಯ ಮಗು ರಾತ್ರಿಯೆಲ್ಲ ಕೆಮ್ಮುವುದನ್ನು ಕೇಳಿದ್ದೇನೆ. ಎಲೆಗಳನ್ನು ಹಳೇ ಗೋಣಿಚೀಲಕ್ಕೆ ತುಂಬಿ, ಒಂದೆರಡು ಹಿಡಿ ಸಗಣಿ ಗೊಬ್ಬರ ಸೇರಿಸಿ, ವಾರಕ್ಕೊಮ್ಮೆ ನೀರು ಚಿಮುಕಿಸಿ, ಕೊಳೆತು ಗೊಬ್ಬರವಾಗಲಿ. ಸ್ವಲ್ಪ ಎಲೆಯನ್ನು ಕುಂಡಗಳ ಮಣ್ಣಿನ ಮೇಲೆ ಹಾಸಿ, ಬೇಸಿಗೆಯಲ್ಲಿ ತೇವ ಬೇಗ ಆರುವುದಿಲ್ಲ.

ಚಿಗುರು ಕಂಡ ದಿನ ನನಗೊಂದು ಕಾರ್ಡು ಬರೆಯಿರಿ. ಪಕ್ಕದ ಮನೆಯವರನ್ನೂ ಕರೆದು ತೋರಿಸಿ.