ಒಗ್ಗರಣೆ ಹಾಕಿದರೆ ಕಿಟಕಿ ತೆಗೆಯುತ್ತಾರೆ

ಪ್ರಶ್ನೆ: ಅಕ್ಕಾ, ನಮ್ಮೂರು ಸಾಗರದ ಹತ್ತಿರ. ಓದಲು ಜರ್ಮನಿಗೆ ಬಂದು 4 ತಿಂಗಳಾಯಿತು. ಹಾಸ್ಟೆಲ್‌ನಲ್ಲಿ 5 ಜನಕ್ಕೆ ಒಂದೇ ಅಡುಗೆಮನೆ. ನಾನು ಸಾರಿಗೆ ಒಗ್ಗರಣೆ ಹಾಕಿದಾಗೆಲ್ಲ ಯಾರಾದರೊಬ್ಬರು ಬಂದು ಕಿಟಕಿ ತೆಗೆದು ಹೋಗುತ್ತಾರೆ. ಹೋದ ವಾರ ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದರು: 'ಅಡುಗೆ ಮಾಡುವಾಗ ದಯವಿಟ್ಟು ಬಾಗಿಲು ಹಾಕಿ, ಕಿಟಕಿ ತೆಗೆಯಿರಿ.' ಅದು ನನಗೇ ಅಂತ ಗೊತ್ತು. ಅವತ್ತಿನಿಂದ ಬರೀ ಬ್ರೆಡ್, ಬಾಳೆಹಣ್ಣು. ಅಮ್ಮ ಕೇಳಿದರೆ ಅನ್ನ ಸಾರು ಉಂಡೆ ಅಂತ ಸುಳ್ಳು ಹೇಳುತ್ತೇನೆ. ಅವರು ನನ್ನ ಬಾಣಲೆಯಲ್ಲಿ ಹಂದಿಮಾಂಸ ಹುರಿದಾಗ ನಾನು ಏನೂ ಅನ್ನಲಿಲ್ಲ. ವಾಪಸ್ ಬಂದುಬಿಡಲಾ?

ಉತ್ತರ: ಮೊದಲು ಎದ್ದು ಅನ್ನಕ್ಕಿಡು ಮಾರಾಯ್ತಿ. ಹೊಟ್ಟೆಗೆ ಬಿಸಿಯಾಗಿ ಏನಾದರೂ ಬೀಳಲಿ, ವಾಪಸ್ ಬರುವ ಮಾತು ಆಮೇಲೆ.

ಆ ಚೀಟಿಯ ಮಾತನ್ನು ಮೂರು ಸಲ ಓದಿದೆ. ಅಡುಗೆ ಮಾಡಬೇಡ ಅಂತ ಅದರಲ್ಲಿಲ್ಲ. ನಮ್ಮಲ್ಲಿ ಒಂದೇ ಸೂರಿನಡಿ ಇರುವವರು ಚೀಟಿ ಅಂಟಿಸಿದರೆ ಮಾತು ಬಿಟ್ಟಿದ್ದಾರೆ ಅಂತಲೇ ಅರ್ಥ. ಅಲ್ಲಿ ಚೀಟಿ ಅಂದರೆ ಬರೀ ಚೀಟಿ. ಕಿಟಕಿಯ ಕತೆಯೂ ಹಾಗೇ. ಕೊರೆಯುವ ಚಳಿಯಲ್ಲೂ ದಿನಕ್ಕೆ ಒಂದೆರಡು ಸಲ ಕಿಟಕಿ ಪೂರಾ ತೆಗೆದು ಗಾಳಿ ಆಡಿಸುವುದು ಜರ್ಮನರ ರೂಢಿ, ನಮ್ಮಲ್ಲಿ ಬೆಳಗ್ಗೆ ಎದ್ದು ಅಂಗಳ ಗುಡಿಸಿದ ಹಾಗೆ. ಅದಕ್ಕೆ 'ಲ್ಯುಫ್ಟನ್' ಅಂತ ಹೆಸರೇ ಇದೆ. ಗಾಳಿ ಆಡದಿದ್ದರೆ ತೇವ ಕೂತು ಗೋಡೆಗೆ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ಕಷ್ಟ ಮಲೆನಾಡಿನವರಿಗೆ ಹೇಳಬೇಕಾ?

ನಿಮ್ಮ ಮನೆ ಅಡುಗೆಕೋಣೆ ನೆನಪು ಮಾಡಿಕೋ. ಸಾಸಿವೆ ಚಟಪಟ ಅಂದು, ಇಂಗು ಬಿದ್ದು, ಕರಿಬೇವು ಸಿಡಿದರೆ ಆ ಹೊಗೆ ಹಂಚಿನ ಸಂದಿಯಲ್ಲಿ ನುಸುಳಿ ಹೊರಗೆ ಹೋಗುತ್ತದೆ, ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತವರಿಗೆ ಊಟದ ಹೊತ್ತಾಯಿತು ಅಂತ ಗೊತ್ತಾಗುವುದೇ ಅದರಿಂದ. ನೀನಿರುವ ಕಟ್ಟಡ ಒಳಗಿನ ಬಿಸಿ ಹೊರಗೆ ಹೋಗಬಾರದು ಅಂತ ಸಂದಿಯಿಲ್ಲದ ಹಾಗೆ ಕಟ್ಟಿದ್ದು. ವಾಸನೆಗೂ ದಾರಿಯಿಲ್ಲ. ಇಂಗಿನಲ್ಲಿ ಗಂಧಕದ ಅಂಶ ಇದೆ, ಪಕ್ಕದ ಕೋಣೆಯಲ್ಲಿ ನೇತುಹಾಕಿದ ಉಣ್ಣೆ ಕೋಟಿಗೆ ಅದು ಹತ್ತಿಕೊಂಡರೆ ಮಾರನೇ ದಿನ ಕ್ಲಾಸಿನವರೆಗೂ ಬರುತ್ತದೆ. ಮೇಲಾಗಿ ಸಂಜೆ ಅವರಲ್ಲಿ ಎಷ್ಟೋ ಮನೆಗಳಲ್ಲಿ ಒಲೆಯೇ ಹಚ್ಚುವುದಿಲ್ಲ. ರಾತ್ರಿಯೂಟಕ್ಕೇ 'ಆಬೆಂಡ್‌ಬ್ರೋಟ್' ಅನ್ನುತ್ತಾರೆ, ಅಂದರೆ ಸಂಜೆಯ ಬ್ರೆಡ್. ಬ್ರೆಡ್ಡು, ಚೀಸು, ಎಲ್ಲ ತಣ್ಣಗೆ.

ಶಿವಮೊಗ್ಗದಲ್ಲಿ ಓದುವಾಗ ನನ್ನ ರೂಮಿನಲ್ಲಿ ಕುಂದಾಪುರ ಕಡೆಯ ಹುಡುಗಿಯೊಬ್ಬಳಿದ್ದಳು. ಒಂದು ದಿನ ಊರಿಂದ ತಂದ ಒಣಮೀನು ಸುಟ್ಟಳು. ನಾನು ಮೂಗು ಮುಚ್ಚಿಕೊಂಡು ಹೊರಗೆ ಹೋದವಳು ರಾತ್ರಿ 9ಕ್ಕೆ ಬಂದೆ. ಒಂದು ಮಾತೂ ಆಡಲಿಲ್ಲ. ಅವಳು ಆಮೇಲೆ ರೂಮಿನಲ್ಲಿ ಸ್ಟೌ ಹಚ್ಚಲೇ ಇಲ್ಲ. ಕಿಟಕಿ ತೆಗಿ ಮಾರಾಯ್ತಿ ಅಂದಿದ್ದರೆ ಅವಳು ಉಣ್ಣುತ್ತಿದ್ದಳು. ನನಗೆ ಅದು ಇವತ್ತಿಗೂ ಚುಚ್ಚುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ನಿನ್ನ ಜೊತೆಯವರು ನನಗಿಂತ ವಾಸಿ.

ಆದರೆ ಯಾರಾದರೂ 'ನಿಮ್ಮ ಜನವೇ ನಾರುತ್ತೀರಿ' ಅಂದರೆ ಅದು ಬೇರೆ ಮಾತು. ಅದು ಕಿಟಕಿ ತೆಗೆದು ಸರಿಹೋಗುವಂಥದ್ದಲ್ಲ. ಸುಮ್ನೆ ಇರಬೇಡ, ಹಾಸ್ಟೆಲ್ ನೋಡಿಕೊಳ್ಳುವವರಿಗೆ ಬರೆದು ಕೊಡು.

ಒಗ್ಗರಣೆ ಬಿಡಬೇಕಿಲ್ಲ. ಇಂಗನ್ನು ಕಾದ ಎಣ್ಣೆಗೆ ಹಾಕುವ ಬದಲು ನೀರಲ್ಲಿ ಕದಡಿ, ಸಾರು ಇಳಿಸುವಾಗ ಇಂಗಿನ ನೀರು ಹಾಕು. ಕರೆಂಟ್ ಒಲೆ ಆರಿಸಿದ ಮೇಲೂ ಕಾದೇ ಇರುತ್ತದೆ, ಸಾಸಿವೆ ಸಿಡಿಯಲು ಶುರುವಾಗುತ್ತಿದ್ದ ಹಾಗೆ ಸೌಟು ಎತ್ತಿಬಿಡು. ಇಲ್ಲದಿದ್ದರೆ ಸೀದು, ಹೊಗೆಯ ಅಲಾರಾಂ ಹೊಡೆದುಕೊಂಡೀತು.

ಬಾಣಲೆ ವಿಷಯದಲ್ಲಿ ಮಾತ್ರ ನಿನ್ನದೇ ತಪ್ಪು. ಅವರು ಬೇಕಾದ್ದನ್ನು ಹೇಳಿದರು, ನೀನು ನುಂಗಿಕೊಂಡೆ. ನಿನಗೆ ಬೇಜಾರಾಗಿದ್ದು ಅವರಿಗೆ ಹೇಗೆ ಗೊತ್ತಾಗಬೇಕು? 'ಈ ಬಾಣಲೆಯಲ್ಲಿ ಮಾಂಸ ಮಾಡಬೇಡಿ' ಅಂತ ನೀನೂ ಒಂದು ಚೀಟಿ ಅಂಟಿಸು, ಕೆಳಗೆ ಹೆಸರು ಬರೆ. ಮನೆತನ, ದೇವರು, ಏನನ್ನೂ ವಿವರಿಸಬೇಕಾಗಿಲ್ಲ.

ಆಮೇಲೆ ಒಂದು ಸಂಜೆ ಶುಂಠಿ ತಂಬುಳಿ ಮಾಡು. ಶುಂಠಿ, ಜೀರಿಗೆ, ಕಾಯಿತುರಿ ರುಬ್ಬಿ ಮೊಸರಿಗೆ ಹಾಕಿದರೆ ಆಯಿತು. ತಣ್ಣಗಿನದು, ಅವರ ಬ್ರೆಡ್ಡಿನ ಜೊತೆಗೂ ನಡೆಯುತ್ತದೆ. ಭಾನುವಾರ ಅಲ್ಲಿ ಅಂಗಡಿ ಮುಚ್ಚಿರುತ್ತದೆ, ಮೊಸರು ಶನಿವಾರವೇ ತಂದಿಡು. 'ತಿಂದು ನೋಡಿ' ಅಂತ ಒಂದೇ ಸಲ ಹೇಳು. ನಮ್ಮ ಹಾಗೆ ಮೂರು ಸಲ ಒತ್ತಾಯ ಮಾಡಿದರೆ ಅವರಿಗೆ ಗಾಬರಿಯಾಗುತ್ತದೆ. ಬೇಡ ಅಂದರೆ ಬೇಡ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಅಮ್ಮನ ಹತ್ತಿರ ಸುಳ್ಳು ಮಾತ್ರ ನಿಲ್ಲಿಸು. ಚೀಟಿಯ ವಿಷಯ ಹೇಳು. ಅವರೂ ಮದುವೆಯಾಗಿ ಇನ್ನೊಬ್ಬರ ಅಡುಗೆಮನೆಗೆ ಬಂದವರು, ಅಲ್ವಾ? ಆ ಮನೆಯ ಹುಳಿ, ಉಪ್ಪು, ಖಾರಕ್ಕೆ ಕೈ ಕೂರಲು ಎಷ್ಟು ದಿನ ಹಿಡಿಯಿತು, ಮೊದಲ ವರ್ಷ ಹೇಗೆ ಕಳೆದರು ಅಂತ ಕೇಳು.