ಚಿತ್ತೆ ಮಳೆಗೆ ಹಿತ್ತಲಲ್ಲಿ ಮಾವು ನೆಡಬಹುದಾ?

ಪ್ರಶ್ನೆ: ನಮಸ್ತೆ ಸರ್. ತುಮಕೂರು ಹತ್ತಿರದ ಹಳ್ಳಿ ನಮ್ಮದು. ಮನೆ ಹಿಂದೆ 30 ಅಡಿ ಉದ್ದ, 20 ಅಡಿ ಅಗಲದ ಹಿತ್ತಲಿದೆ. ಜೂನ್‌ನಲ್ಲಿ ಗಿಡ ನೆಡಲು ಆಗಲಿಲ್ಲ. ಈಗ ಅಕ್ಟೋಬರ್‌ನಲ್ಲಿ ನೆಟ್ಟರೆ ಹಿಡಿಯುತ್ತಾ? ಹೋದ ವರ್ಷ ನೆಟ್ಟ ಬಾದಾಮಿ ಮಾವಿನ ಕಸಿ ಗಿಡ ಮೇಲೆಲ್ಲ ಒಣಗಿ, ಬುಡದಿಂದ ಜೋರಾಗಿ ಚಿಗುರಿದೆ. ಅದನ್ನೇ ಬೆಳೆಸಲಾ?

ಉತ್ತರ: ಧೈರ್ಯವಾಗಿ ನೆಡಿ. ನಿಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ, ಅಲ್ವಾ? ಚಿತ್ತೆ, ಸ್ವಾತಿ ಇನ್ನೂ ಬಾಕಿ ಇವೆ. ಆದರೆ ಡಿಸೆಂಬರ್‌ನಿಂದ ಮುಂದಿನ ಮುಂಗಾರಿನವರೆಗೆ ನೀವೇ ನೀರು ಹಾಕಬೇಕು. ಅದು ಆಗಲ್ಲ ಅಂದರೆ ಜೂನ್‌ವರೆಗೆ ಕಾಯುವುದೇ ಒಳ್ಳೆಯದು.

ಬುಡದ ಚಿಗುರಿನ ವಿಷಯ. ಕಸಿ ಕಟ್ಟಿದ ಗಂಟಿಗಿಂತ ಕೆಳಗೆ ಬಂದಿದ್ದರೆ ಅದು ಬಾದಾಮಿ ಅಲ್ಲ, ಯಾವುದೋ ನಾಟಿ ಮಾವಿನ ವಾಟೆಯಿಂದ (ಬೀಜದಿಂದ) ಹುಟ್ಟಿದ ಗಿಡ. ಹಾಗಂತ ಕಿತ್ತು ಬಿಸಾಡಬೇಡಿ. ಒಂದು ವರ್ಷ ನೆಲ ಹಿಡಿದ ಬೇರು ಅದು. ಗಟ್ಟಿಯಾದ ಒಂದೇ ಚಿಗುರು ಉಳಿಸಿ, ಪೆನ್ಸಿಲ್ ದಪ್ಪ ಆದ ಮೇಲೆ ಬರುವ ಮಳೆಗಾಲದಲ್ಲಿ ಕಸಿ ಗೊತ್ತಿರುವವರನ್ನು ಕರೆದು ಅಲ್ಲೇ ಬಾದಾಮಿ ಕಡ್ಡಿ ಕಟ್ಟಿಸಿ. ಅಷ್ಟು ಜಾಗದಲ್ಲಿ ಎರಡನೇ ಮಾವು ಬೇಡವೇ ಬೇಡ, ಬೆಳೆದ ಮೇಲೆ ಒಂದಕ್ಕೇ 25 ಅಡಿ ಬೇಕು. ಉಳಿದ ಮೂಲೆಗೆ ನಿಂಬೆ, ಕರಿಬೇವು ಹಾಕಿ.

ಅದರ ಬದಲು ಹೊಸದನ್ನೇ ನೆಡುತ್ತೀರಾದರೆ ಆಮ್ರಪಾಲಿ ತನ್ನಿ, ಚಿಕ್ಕದಾಗಿ ಬೆಳೆಯುವ ತಳಿ. ಮೂರಡಿ ಗುಂಡಿ ತೋಡಿ. ಮೇಲ್ಮಣ್ಣು ಬೇರೆ ಇಟ್ಟು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ತುಂಬಿ. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತದೆ. ಪ್ಲಾಸ್ಟಿಕ್ ಚೀಲ ಸೀಳಿದ ಮೇಲೆ ಸುಮ್ನೆ ಇಳಿಸಬೇಡಿ, ತಳ ನೋಡಿ. ಹಳೇ ಗಿಡವಾದರೆ ಬೇರು ಸಿಂಬಿ ಸುತ್ತಿದ ಹಾಗೆ ಸುತ್ತಿಕೊಂಡಿರುತ್ತದೆ, ಹಾಗೇ ನೆಟ್ಟರೆ ಆ ಸುತ್ತಿನಲ್ಲೇ ಬೆಳೆದು ಗಿಡ ಸೊರಗುತ್ತದೆ. ಸುತ್ತಿದ ತುದಿಗಳನ್ನು ಕತ್ತರಿಸಿ ಬಿಡಿಸಿ. ಕಸಿ ಗಂಟು ಮಣ್ಣಿಗಿಂತ ನಾಲ್ಕು ಬೆರಳು ಮೇಲಿರಲಿ. ಗಂಟು ಕೂಡಿದ ಮೇಲೆ ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಬಿಚ್ಚುವುದನ್ನು ತುಂಬಾ ಜನ ಮರೆಯುತ್ತಾರೆ, ಕಾಂಡ ದಪ್ಪವಾದಂತೆ ಅದು ಒಳಗೆ ಕಚ್ಚಿ ಮೇಲಿನ ಭಾಗ ಒಣಗುತ್ತದೆ. ನಿಮ್ಮ ಗಿಡಕ್ಕೂ ಹಾಗೇ ಆಗಿರಬಹುದು, ಒಮ್ಮೆ ನೋಡಿ.

ಮಳೆ ನಿಂತ ಮೇಲೆ ಬುಡಕ್ಕೆ ತರಗೆಲೆ ಹರಡಿ, ಕಾಂಡಕ್ಕೆ ತಾಗದ ಹಾಗೆ. ಜನವರಿಯಲ್ಲಿ ಮೊಣಕಾಲೆತ್ತರದ ಗಿಡವೇ ಹೂ ಬಿಟ್ಟರೆ ಆಸೆ ಆಗುತ್ತದೆ, ಆದರೂ ಚಿವುಟಿ ಹಾಕಿ. ಮೊದಲ ಮೂರು ವರ್ಷ ಹೀಗೇ ಮಾಡಿ.