ಆಶ್ರಯದಲ್ಲಿರುವ ನಾಯಿ, ಬೆಕ್ಕುಗಳ ಫೋಟೋ ತೆಗೆದುಕೊಟ್ಟರೆ ಅವುಗಳಿಗೆ ನಿಜವಾಗಿಯೂ ಮನೆ ಸಿಗುತ್ತದೆಯೇ?

ಕಾರವಾರಕ್ಕೆ ವರ್ಗವಾಗಿ ಬಂದಿದ್ದೀರಿ, ಕೈಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಇದೆ, ಭಾನುವಾರ ಬಿಡುವಿದೆ, ಆಶ್ರಯದಲ್ಲಿರುವ ಪ್ರಾಣಿಗಳ ಚಿತ್ರ ತೆಗೆದುಕೊಟ್ಟರೆ ಉಪಯೋಗವಾಗುತ್ತದೆಯೇ, ಎಲ್ಲಿಂದ ಶುರುಮಾಡಬೇಕು ಎಂದು ಕೇಳಿದ್ದೀರಿ.

ಖಂಡಿತ ಉಪಯೋಗವಾಗುತ್ತದೆ. ಕುಮಟಾದಲ್ಲಿ ಮದುವೆ, ಮುಂಜಿಗಳ ಫೋಟೋ ತೆಗೆಯುವುದು ನನ್ನ ಕಸುಬು. ಆಷಾಢದಲ್ಲಿ ಮುಹೂರ್ತವಿರುವುದಿಲ್ಲ, ಕೈ ಖಾಲಿ. ಮೀನು ಪೇಟೆಯ ಹಿಂದೆ, ಹೆದ್ದಾರಿಯ ಮೋರಿಯ ಪಕ್ಕ, ಚೀಲದಲ್ಲಿ ಕಟ್ಟಿದ ಮರಿಗಳು ಸುರಿಯುವ ಮಳೆಯಲ್ಲಿ ಸಿಗುವುದೂ ಅದೇ ದಿನಗಳಲ್ಲಿ. ಅವನ್ನು ಎತ್ತಿಕೊಂಡು ಬಂದು ಸಾಕುವವರ ಅಂಗಳದಲ್ಲಿ ನಾನು ಕೆಲವು ವರ್ಷಗಳಿಂದ ಚಿತ್ರ ತೆಗೆಯುತ್ತಿದ್ದೇನೆ. ಇಷ್ಟರಲ್ಲಿ ನನಗೆ ಖಚಿತವಾಗಿರುವ ವಿಷಯವೆಂದರೆ, ಕನಿಕರ ಹುಟ್ಟಿಸುವ ಚಿತ್ರವನ್ನು ಜನ ಹಂಚಿಕೊಳ್ಳುತ್ತಾರೆ, ಆದರೆ ಆ ನಾಯಿಯನ್ನು ಮನೆಗೆ ಕರೆದೊಯ್ಯುವುದಿಲ್ಲ. ಸರಳಿನ ಹಿಂದೆ ಮುದುಡಿ ಕೂತ ನಾಯಿಯನ್ನು ನೋಡಿದವರು ‘ಅಯ್ಯೋ ಪಾಪ’ ಎಂದು ಬರೆದು ಮುಂದೆ ಹೋಗುತ್ತಾರೆ. ಅದೇ ನಾಯಿ ಅಂಗಳದಲ್ಲಿ ನಾಲ್ಕು ಕಾಲ ಮೇಲೆ ನಿಂತು ಕಿವಿ ನಿಮಿರಿಸಿ ನೋಡುತ್ತಿರುವ ಚಿತ್ರ ಹಾಕಿದರೆ ‘ಇದಕ್ಕೆ ಎಷ್ಟು ವಯಸ್ಸು? ಕೋಳಿ ಹಿಡಿಯುತ್ತದೆಯೇ?’ ಎಂಬ ಪ್ರಶ್ನೆ ಬರುತ್ತದೆ. ಕೋಳಿಯ ಬಗ್ಗೆ ಕೇಳುವವನು ಆಗಲೇ ಮನಸ್ಸಿನಲ್ಲಿ ಅದನ್ನು ತನ್ನ ಅಂಗಳಕ್ಕೆ ತಂದು ನಿಲ್ಲಿಸಿಕೊಂಡಿರುತ್ತಾನೆ. ನಮ್ಮ ಚಿತ್ರ ಮಾಡಬೇಕಾದ ಕೆಲಸ ಅದು.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಅಂತರ್ಜಾಲದಲ್ಲಿ ದತ್ತು ಹೋದ ನಾಯಿಗಳ ಫೋಟೋಗಳನ್ನು ಪರಿಶೀಲಿಸಿದ ಅಮೆರಿಕದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಫೋಟೋ ಮಸುಕಾಗಿಲ್ಲದೆ, ಹೊರಾಂಗಣದಲ್ಲಿ ತೆಗೆದದ್ದಾಗಿ, ನಾಯಿ ನಿಂತು ಕ್ಯಾಮೆರಾದತ್ತ ನೋಡುತ್ತಿದ್ದರೆ ಅದಕ್ಕೆ ಬೇಗ ಮನೆ ಸಿಕ್ಕಿತ್ತು ಎಂದು ಅದು ಹೇಳುತ್ತದೆ. ಇದರಲ್ಲಿ ಯಾವುದಕ್ಕೂ ದುಬಾರಿ ಲೆನ್ಸ್ ಬೇಕಾಗಿಲ್ಲ. ನಿಮ್ಮ ಹಳೆಯ ಕ್ಯಾಮೆರಾ ಧಾರಾಳ ಸಾಕು.

ಹೋದ ಮೊದಲ ದಿನ ಕ್ಯಾಮೆರಾವನ್ನು ಚೀಲದಿಂದ ತೆಗೆಯಬೇಡಿ. ಯಾವ ಪ್ರಾಣಿ ದತ್ತಿಗೆ ಇದೆ, ಯಾವುದು ಇಲ್ಲ ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಸಂತಾನಹರಣಕ್ಕೆಂದು ಹಿಡಿದು ತಂದ ಬೀದಿನಾಯಿಗಳನ್ನು ಶಸ್ತ್ರಚಿಕಿತ್ಸೆ ಮತ್ತು ರೇಬಿಸ್ ಲಸಿಕೆಯ ನಂತರ ಹಿಡಿದ ಜಾಗಕ್ಕೇ ಬಿಡಬೇಕೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. ಹಾಗಾಗಿ ಗೂಡಿನಲ್ಲಿ ಕಂಡದ್ದೆಲ್ಲ ದತ್ತಿಗೆ ಇರುವುದಲ್ಲ. ತಾಯಿ ಸತ್ತ ಮರಿಗಳು, ಅಪಘಾತದಲ್ಲಿ ಕಾಲು ಕಳೆದುಕೊಂಡವು, ಮನೆ ಖಾಲಿ ಮಾಡುವಾಗ ಮಾಲೀಕರು ಬಿಟ್ಟುಹೋದವು, ಹೆಚ್ಚಾಗಿ ಇವೇ ನಿಮ್ಮ ಪಾಲಿಗೆ ಬರುತ್ತವೆ. ಗಿಳಿಮರಿ, ಮುಸುವ, ಪುನುಗಿನ ಬೆಕ್ಕು ಇಂಥವನ್ನು ಯಾರಾದರೂ ತಂದುಬಿಟ್ಟಿದ್ದರೆ ಅವುಗಳ ಚಿತ್ರವನ್ನು ‘ದತ್ತು ಕೊಡಲಾಗುವುದು’ ಎಂದು ಹಾಕಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವನ್ನು ಮನೆಯಲ್ಲಿ ಸಾಕುವಂತಿಲ್ಲ, ಅರಣ್ಯ ಇಲಾಖೆಗೆ ಒಪ್ಪಿಸಬೇಕು.

ಈಗ ಬೆಳಕಿನ ವಿಷಯ. ನಮ್ಮ ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳ ನಡುಹಗಲಿನಲ್ಲಿ ಹೊರಗೆ ಚಿತ್ರ ತೆಗೆಯುವುದು ವ್ಯರ್ಥ. ಮರಳು ಬೆಳ್ಳಗೆ ಹೊಳೆಯುತ್ತದೆ, ನಾಯಿ ಕಣ್ಣು ಕಿರಿದು ಮಾಡುತ್ತದೆ, ನಾಲಿಗೆ ಜೋತುಬೀಳುತ್ತದೆ. ಬೆಳಿಗ್ಗೆ ಏಳರ ಸುಮಾರಿಗೆ ಹೋಗಿ, ಇಲ್ಲವೇ ಇಳಿಹೊತ್ತಿಗೆ. ಮಳೆಗಾಲ ಬಂತೆಂದು ಮಾತ್ರ ನಿಲ್ಲಿಸಬೇಡಿ. ಮೋಡ ಕವಿದ ಹಗಲಿನಷ್ಟು ಮೆತ್ತನೆಯ ಬೆಳಕನ್ನು ಯಾವ ಸ್ಟುಡಿಯೋ ದೀಪವೂ ಕೊಡುವುದಿಲ್ಲ. ಫ್ಲ್ಯಾಶ್ ಬೇಡವೇ ಬೇಡ. ನಾಯಿ, ಬೆಕ್ಕುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪದರವಿರುತ್ತದೆ. ಫ್ಲ್ಯಾಶ್ ಬಿದ್ದಾಗ ಆ ಕಣ್ಣು ಹಸಿರಾಗಿ ಉರಿದಂತೆ ಕಂಡು, ಸಾಧು ಪ್ರಾಣಿಯೂ ಭಯ ಹುಟ್ಟಿಸುತ್ತದೆ.

ಕಪ್ಪು ನಾಯಿಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ನಾನು ಕಂಡಂತೆ ಕೊನೆಯವರೆಗೆ ಉಳಿದುಬಿಡುವವು ಹೆಚ್ಚಾಗಿ ಅವೇ. ಕರಿ ಬಣ್ಣ ಅಪಶಕುನ ಎಂದು ಹಿಂಜರಿಯುವವರು ಕೆಲವರು ಇದ್ದಾರೆ ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ, ಕೆಟ್ಟ ಫೋಟೋದಲ್ಲಿ ಅವುಗಳಿಗೆ ಮುಖವೇ ಇರುವುದಿಲ್ಲ. ಎದುರಿಗಿರುವ ದೃಶ್ಯವೆಲ್ಲ ಸೇರಿ ನಡುಮಧ್ಯದ ಬೂದು ಬಣ್ಣವೆಂದು ಕ್ಯಾಮೆರಾ ಭಾವಿಸುತ್ತದೆ. ಬಿಳಿ ಮರಳಿನ ಮೇಲೆ ಕರಿ ನಾಯಿಯನ್ನು ನಿಲ್ಲಿಸಿದರೆ ಕ್ಯಾಮೆರಾ ಮರಳಿನ ಹೊಳಪನ್ನು ತಗ್ಗಿಸಲು ಹೋಗಿ ನಾಯಿಯನ್ನು ಮಸಿಯ ಮುದ್ದೆ ಮಾಡುತ್ತದೆ. ಚೌಕಟ್ಟಿನ ತುಂಬ ನಾಯಿಯೇ ಇದ್ದರೆ ಕರಿ ಬಣ್ಣವನ್ನು ಎತ್ತಲು ಹೋಗಿ ಬೂದಿ ಬಳಿದಂತೆ ತೋರಿಸುತ್ತದೆ. ಮಳೆಯಲ್ಲಿ ಪಾಚಿ ಕಟ್ಟಿ ಕಪ್ಪಾದ ಚಿರೆಕಲ್ಲಿನ ಗೋಡೆಯ ಮುಂದಂತೂ ನಾಯಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಹಿಂದೆ ಹಸಿರು ಗಿಡಗಳಿರುವ ನೆರಳಿನ ಜಾಗ ಹುಡುಕಿ, ಬೆಳಕು ಒಂದು ಪಕ್ಕದಿಂದ ಬರುವಂತೆ ನಿಲ್ಲಿಸಿ, ಬೆಳಕಿನ ಅಳತೆಯನ್ನು ಮುಖದ ಮೇಲಿಂದ ತೆಗೆದುಕೊಳ್ಳಿ. ಮೊಬೈಲ್ ಆದರೆ ಪರದೆಯಲ್ಲಿ ಅದರ ಕಣ್ಣನ್ನು ಮುಟ್ಟಿ ಬೆಳಕಿನ ಗುರುತನ್ನು ಮೇಲೆ ಕೆಳಗೆ ಸರಿಸಿ ನೋಡಿ. ಕೆಂಪು ಅಥವಾ ಹಳದಿ ಕೊರಳಪಟ್ಟಿ ಹಾಕಿದರೆ ಕತ್ತು ಎಲ್ಲಿ ಮುಗಿಯಿತು, ಮೈ ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಸಿಗುತ್ತದೆ.

ಇಲ್ಲಿ ಒಂದು ಹೆಣ್ಣು ನಾಯಿಯಿತ್ತು. ಮೈಯೆಲ್ಲ ಕಪ್ಪು, ಎದೆಯ ಮೇಲೆ ಹೆಬ್ಬೆರಳಿನಷ್ಟು ಬಿಳಿ, ಸಂತಾನಹರಣವಾದ ಗುರುತಿಗೆ ಕಿವಿಯ ತುದಿಯಲ್ಲೊಂದು ಕಚ್ಚು. ಯಾರು ಬಂದರೂ ಜಗಲಿಯ ಕಂಬದ ಹಿಂದೆ ಸರಿದು ನಿಲ್ಲುತ್ತಿತ್ತು. ಅದನ್ನು ನೋಡಿಕೊಳ್ಳುವ ಅಕ್ಕ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು ತೊಗರಿಬೇಳೆ ಆರಿಸತೊಡಗಿದರು. ನಾನು ನೆಲದ ಮೇಲೆ ಅಡ್ಡಲಾಗಿ ಕುಳಿತೆ, ಅದರ ಕಡೆ ಮುಖ ತಿರುಗಿಸಲಿಲ್ಲ. ಕ್ಯಾಮೆರಾವನ್ನು ಮಡಿಲಿನ ಪಕ್ಕದಲ್ಲಿಟ್ಟು, ಅದರ ಸುತ್ತ ಬೇಯಿಸಿದ ಮೊಟ್ಟೆಯ ಚೂರುಗಳನ್ನು ಇಟ್ಟೆ. ಬಂದು ಲೆನ್ಸ್ ಮೂಸಿತು, ಪಟ್ಟಿ ನೆಕ್ಕಿತು, ಮೊಟ್ಟೆ ತಿಂದಿತು, ಹೋಯಿತು, ಮತ್ತೆ ಬಂತು. ಮಾಡಿನಿಂದ ನೀರು ಇಳಿಯುತ್ತಿತ್ತು, ಅಂಗಳದ ಬೆಳಕು ಓರೆಯಾಗಿ ಅದರ ಮುಖದ ಮೇಲೆ ಬೀಳುತ್ತಿತ್ತು. ಅಕ್ಕ ಹೆಸರು ಹಿಡಿದು ಕರೆದಾಗ ತಲೆ ಎತ್ತಿತು. ಎರಡೂ ಕಣ್ಣುಗಳಲ್ಲಿ ಅಂಗಳದ ಬೆಳಕಿನ ಚುಕ್ಕೆ ಹೊಳೆಯಿತು. ಆ ಚಿತ್ರ ನೋಡಿ ಸಿದ್ದಾಪುರದ ಕಡೆಯ ಒಬ್ಬ ನಿವೃತ್ತ ಶಿಕ್ಷಕಿ ಕರೆದುಕೊಂಡು ಹೋದರು. ಕಣ್ಣಿನಲ್ಲಿ ಆ ಚುಕ್ಕೆ ಇಲ್ಲದ ಚಿತ್ರವನ್ನು ನಾನು ಯಾರಿಗೂ ಕಳುಹಿಸುವುದಿಲ್ಲ.

ಯಾವಾಗಲೂ ಪ್ರಾಣಿಯ ಕಣ್ಣಿನ ಎತ್ತರಕ್ಕೆ ಇಳಿಯಿರಿ. ಮಂಡಿ ಕೊಳೆಯಾಗುತ್ತದೆ, ಆಗಲಿ. ನಿಂತು ಮೇಲಿನಿಂದ ತೆಗೆದರೆ ದೊಡ್ಡ ತಲೆ, ಗಿಡ್ಡ ಕಾಲು. ಮೊಬೈಲನ್ನು ಮೂತಿಯ ಹತ್ತಿರ ಒಯ್ದರೆ ಮೂಗು ಉಬ್ಬುತ್ತದೆ, ಹಿಂದೆ ಸರಿದು ಎರಡು ಪಟ್ಟು ಜೂಮ್ ಬಳಸಿ. ಮರಿಗಳಿಗೆ ಶಟರ್ ವೇಗ ಸೆಕೆಂಡಿನ ಐನೂರನೇ ಒಂದು ಭಾಗಕ್ಕಿಂತ ಕಡಿಮೆ ಬೇಡ. ಆಕಳಿಸುವುದು, ತುಟಿ ನೆಕ್ಕುತ್ತಲೇ ಇರುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಬಾಲ ಒಳಕ್ಕೆ ಸೇರಿಸಿಕೊಳ್ಳುವುದು, ಇವೆಲ್ಲ ಹೆದರಿಕೆಯ ಗುರುತು. ಕಂಡ ಕೂಡಲೇ ಎದ್ದು ದೂರ ಹೋಗಿ. ಸ್ವಲ್ಪ ಓಡಾಡಿಸಿದ ಮೇಲೆ ಬಾಯಿ ಸಡಿಲವಾಗಿ ತೆರೆದಿರುವ ಹೊತ್ತು ಎಲ್ಲಕ್ಕಿಂತ ಚೆನ್ನ. ಬೆಕ್ಕುಗಳಿಗೆ ಕಿಟಕಿಯ ಬೆಳಕು, ಒಂದು ರಟ್ಟಿನ ಪೆಟ್ಟಿಗೆ, ಮನೆಯಲ್ಲಿ ನಿಶ್ಶಬ್ದ, ಇಷ್ಟಿದ್ದರೆ ಉಳಿದದ್ದನ್ನು ಅವೇ ಮಾಡುತ್ತವೆ.

ಪ್ರತಿ ಪ್ರಾಣಿಗೂ ಮುಖದ ಒಂದು ಚಿತ್ರ, ಪಕ್ಕದಿಂದ ಇಡೀ ಮೈಯ ಒಂದು ಚಿತ್ರ, ಮನುಷ್ಯರ ಜೊತೆಗಿನ ಒಂದು ಚಿತ್ರ ಇರಲಿ. ಮೂರನೆಯದು ಬಹಳ ಮುಖ್ಯ. ಮನುಷ್ಯನ ಮಂಡಿಯ ಪಕ್ಕದಲ್ಲಿ ನಿಂತಾಗಲೇ ನಾಯಿಯ ಗಾತ್ರ ತಿಳಿಯುವುದು. ಕುಂಟುವ ಕಾಲನ್ನು, ಹೋದ ಕಣ್ಣನ್ನು, ಚರ್ಮದ ಕಲೆಯನ್ನು ಮರೆಮಾಡಬೇಡಿ, ತಿದ್ದಿ ಅಳಿಸಬೇಡಿ. ಚಿತ್ರದಲ್ಲಿ ಒಂದು, ಎದುರಿಗೆ ಇನ್ನೊಂದು ಎಂದಾದರೆ ಆ ಪ್ರಾಣಿ ವಾರದೊಳಗೆ ಮರಳಿ ಬರುತ್ತದೆ. ಹಾಗೆ ಮರಳಿ ಬಂದ ನಾಯಿ ಗೂಡಿನ ಮೂಲೆ ಸೇರಿ ಅನ್ನ ಬಿಡುವುದನ್ನು ನೋಡಿದವರು ಯಾರೂ ಸುಳ್ಳು ಚಿತ್ರ ತೆಗೆಯಲಾರರು. ನಡೆಯುವುದನ್ನು ತೋರಿಸುವ ಹತ್ತು ಹದಿನೈದು ಸೆಕೆಂಡುಗಳ ವಿಡಿಯೋ ಕೂಡ ಜೊತೆಗಿರಲಿ.

ಚಿತ್ರದ ಕೆಳಗಿನ ಬರಹವನ್ನು ಬೇರೆಯವರಿಗೆ ಬಿಟ್ಟು ಸುಮ್ಮನಾಗಬೇಡಿ. ‘ಗಂಡು ಮರಿ ಇದೆಯೇ?’ ಎಂಬುದು ನಮ್ಮ ಕಡೆ ಎಲ್ಲರ ಮೊದಲ ಪ್ರಶ್ನೆ. ಹೆಣ್ಣಾದರೆ ವರ್ಷಕ್ಕೆರಡು ಸಲ ಬೆದೆಗೆ ಬರುತ್ತದೆ, ಗಬ್ಬವಾದರೆ ಎರಡು ತಿಂಗಳಲ್ಲಿ ಮರಿ, ಆ ಮರಿಗಳನ್ನು ಏನು ಮಾಡುವುದು ಎಂಬ ಭಯ. ಚೀಲದಲ್ಲಿ ಸಿಗುವ ಮರಿಗಳಲ್ಲಿ ಹೆಣ್ಣೇ ಹೆಚ್ಚಾಗಿರುವುದು ಇದಕ್ಕಾಗಿಯೇ. ಅದಕ್ಕೇ ‘ಸಂತಾನಹರಣ ಆಗಿದೆ’ ಎಂಬ ಮಾತು ಮೊದಲ ಸಾಲಿನಲ್ಲೇ ಬರಲಿ. ಆಮೇಲೆ ವಯಸ್ಸು, ಹಾಕಿಸಿದ ಲಸಿಕೆಗಳು, ಮಕ್ಕಳ ಜೊತೆ ಹೇಗೆ, ದನಗಳ ಜೊತೆ ಹೇಗೆ, ಕೋಳಿ ಕಂಡರೆ ಏನು ಮಾಡುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ. ದಟ್ಟ ಕೂದಲಿನ ಆ ನಾಯಿಗಳು ನಮ್ಮ ಸೆಕೆಯಲ್ಲಿ ಏದುಸಿರು ಬಿಡುತ್ತವೆ, ಗಿಡ್ಡ ಕೂದಲಿನ ಊರ ನಾಯಿ ಈ ಹವೆಗೇ ಹುಟ್ಟಿದ್ದು. ಶಿರಸಿ, ಯಲ್ಲಾಪುರದ ತೋಟದ ಮನೆಯವರು ಕೇಳಿದರೆ ರಾತ್ರಿ ನಾಯಿ ಎಲ್ಲಿ ಮಲಗುತ್ತದೆ ಎಂದು ವಿಚಾರಿಸಲೇಬೇಕು. ಕಾಡಂಚಿನಲ್ಲಿ ಹೊರಗೆ ಕಟ್ಟಿದ ನಾಯಿ ಚಿರತೆಯ ಪಾಲಾಗುತ್ತದೆ.

ವಾಟ್ಸಾಪ್‌ನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗಿ ಮಸುಕಾಗುತ್ತದೆ. ಒಂದೆರಡು ಪ್ರತಿ ಮುದ್ರಿಸಿ ಪಶು ಆಸ್ಪತ್ರೆಯ ಗೋಡೆಗೆ, ಹಾಲು ಹಾಕುವ ಡೇರಿಯ ಬಾಗಿಲಿಗೆ ಕೇಳಿಕೊಂಡು ಅಂಟಿಸಿ. ಹಳ್ಳಿಯಲ್ಲಿ ಹಸು ಸಾಕಿದವರು ದಿನಾ ಬೆಳಿಗ್ಗೆ ಡೇರಿಗೆ ಬರುತ್ತಾರೆ. ಆಶ್ರಯವಿರುವ ಜಾಗವನ್ನು ಮಾತ್ರ ಎಲ್ಲಿಯೂ ಬಹಿರಂಗಪಡಿಸಬೇಡಿ. ವಿಳಾಸ ತಿಳಿದ ಮರುದಿನವೇ ಗೇಟಿನ ಮುಂದೆ ಮರಿಗಳ ಪೆಟ್ಟಿಗೆ ಬಂದು ಕೂರುತ್ತದೆ.

ಆರೋಗ್ಯದ ವಿಷಯದಲ್ಲಿ ಸಡಿಲ ಬಿಡಬೇಡಿ. ನಾಯಿಮರಿಗಳಿಗೆ ಮಾರಕವಾದ ಪಾರ್ವೊ ರೋಗದ ವೈರಾಣು ಚಪ್ಪಲಿಯಲ್ಲಿ, ಬಟ್ಟೆಯಲ್ಲಿ ಅಂಟಿಕೊಂಡು ಬರುತ್ತದೆ. ಆದ್ದರಿಂದ ಲಸಿಕೆಯಾಗದ ಮರಿಗಳ ಚಿತ್ರವನ್ನು ಮೊದಲು ಮುಗಿಸಿ, ತೊಳೆದ ಚಾಪೆಯ ಮೇಲೆ ತೆಗೆಯಿರಿ, ಕಾಯಿಲೆಯವುಗಳ ಬಳಿ ಕೊನೆಗೆ ಹೋಗಿ. ನೀವೂ ವೈದ್ಯರನ್ನು ಕೇಳಿ ಮುಂಚಿತವಾಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ಅದಾದ ಮೇಲೂ ಹಲ್ಲು ತಾಗಿದರೆ, ಎಷ್ಟೇ ಚಿಕ್ಕ ಗೀರಾದರೂ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಿ.

ಕ್ಯಾಮೆರಾದ ಬಗ್ಗೆಯೂ ಒಂದು ಮಾತು. ನೀವು ಒಣ ಹವೆಯ ಊರಿನಿಂದ ಬಂದವರಾದರೆ ಗೊತ್ತಿರಲಾರದು, ಇಲ್ಲಿನ ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಿ. ಚರ್ಮದ ಚೀಲದಲ್ಲಿ ಮುಚ್ಚಿಟ್ಟು ತಿಂಗಳುಗಟ್ಟಲೆ ಮರೆಯಬೇಡಿ.

ಮನೆ ಸಿಕ್ಕ ಪ್ರಾಣಿಯ ಚಿತ್ರವನ್ನು ಅಂದೇ ತೆಗೆದುಹಾಕಿ, ಇಲ್ಲವೇ ಅದರ ಮೇಲೆ ‘ಮನೆ ಸಿಕ್ಕಿದೆ’ ಎಂದು ಬರೆಯಿರಿ. ಆಗ ಅದನ್ನೇ ಕೇಳಿ ಬರುವ ಕರೆಗಳನ್ನು ಉಳಿದವುಗಳ ಕಡೆ ತಿರುಗಿಸಬಹುದು. ದತ್ತು ಹೋಗುವ ಭರವಸೆ ಇಲ್ಲದ ಮುದಿ ನಾಯಿಗಳನ್ನೂ ಅಷ್ಟೇ ಸಮಯ ಕೊಟ್ಟು ತೆಗೆಯಿರಿ. ಅವುಗಳ ಔಷಧಿ, ಅಕ್ಕಿ, ಮೊಟ್ಟೆಯ ಖರ್ಚನ್ನು ತಿಂಗಳು ತಿಂಗಳು ವಹಿಸಿಕೊಳ್ಳುವ ಜನ ದೂರದ ಊರುಗಳಲ್ಲಿ ಇದ್ದಾರೆ, ಅವರು ಆ ನಾಯಿಯನ್ನು ನೋಡುವುದು ನೀವು ತೆಗೆದ ಚಿತ್ರದಲ್ಲಿ ಮಾತ್ರ. ಈ ಭಾನುವಾರವೇ ಹೋಗುವುದಾದರೆ ಒಂದು ಹಳೆಯ ಟವೆಲ್, ಬೇಯಿಸಿದ ಮೊಟ್ಟೆ, ಎರಡು ಬಣ್ಣದ ಕೊರಳಪಟ್ಟಿ ಚೀಲದಲ್ಲಿರಲಿ.